ಕರಾರುಪತ್ರದಲ್ಲಿ ರಿಫೈನರಿ ಎಲ್ಲಿಗೆ ಮುಗಿಯುತ್ತದೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರು ಹಾಗೂ ವಿದ್ಯಾರ್ಥಿಗಳು ನ್ಯಾಮತಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



1872ರ ಭಾರತೀಯ ಕರಾರು ಅಧಿನಿಯಮದ 29ನೆಯ ಕಲಮಿನ ಕೆಳಗೆ ಒಂದು ಸೊಗಸಾದ ಉದಾಹರಣೆಯಿದೆ. ಒಬ್ಬನು ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಎಂಬುದಕ್ಕೆ ಎಲ್ಲಿಯೂ ಸುಳಿವಿಲ್ಲ. ಅರ್ಥ ನಿಶ್ಚಿತವಲ್ಲದ ಅಂಥ ಕರಾರು ಶೂನ್ಯವೆಂದು ಕಾನೂನು ಹೇಳುತ್ತದೆ. ಆದರೆ ಮಾರುವವನು ಕೊಬ್ಬರಿ ಎಣ್ಣೆಯನ್ನು ಮಾತ್ರ ಮಾರುವ ವ್ಯಾಪಾರಿಯಾಗಿದ್ದರೆ ಕರಾರು ಊರ್ಜಿತವಾಗುತ್ತದೆ, ಏಕೆಂದರೆ ಅವನ ಕಸುಬೇ ಆ ಪದಕ್ಕೆ ಅರ್ಥವನ್ನು ಕೊಡುತ್ತದೆ. ಕಾನೂನು ಓದದ ನನಗೆ ಈ ಉದಾಹರಣೆ ಬಹಳ ಹಿಡಿಸಿತು. ಕಾಗದದಲ್ಲಿ ಅರ್ಥ ಬರೆಯದೆ ಬಿಟ್ಟರೆ, ಆ ಅರ್ಥವನ್ನು ಆಮೇಲೆ ಬೇರೆ ಯಾರೋ ತುಂಬುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ.

ಮಣ್ಣು, ಗೊಬ್ಬರಗಳ ಮಾತನಾಡಬೇಕಾದವನು ರಿಫೈನರಿಯ ಕರಾರಿನ ಗೊಡವೆಗೆ ಏಕೆ ಹೋದನೆಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೇ. ಮಂಗಳೂರಿನ ಕಡಲತಡಿಯಲ್ಲಿ ಕಚ್ಚಾತೈಲ ಕಾಯಿಸುವ ಎಂಆರ್‌ಪಿಎಲ್ ಕಂಪನಿಯು, ನಮ್ಮದೇ ಜಿಲ್ಲೆಯ ಹರಿಹರ ತಾಲ್ಲೂಕಿನ ಹನಗವಾಡಿಯಲ್ಲಿ ದಿನಕ್ಕೆ 60 ಕಿಲೋಲೀಟರ್ ಎಥನಾಲ್ ತಯಾರಿಸುವ ಘಟಕವೊಂದರ ಯೋಜನೆಯನ್ನು ರೂಪಿಸಿತು. ಅದಕ್ಕೆ ಬೇಕಾದ ಕಚ್ಚಾಪದಾರ್ಥ ಅರಬ್ ದೇಶದ ತೈಲವಲ್ಲ. ಭತ್ತದ ಹುಲ್ಲು, ಮೆಕ್ಕೆಜೋಳದ ದಂಟು, ಕಾಳು ಬಿಡಿಸಿದ ತೆನೆಯ ದಿಂಡು ಮೊದಲಾದವು. ಆ ಘಟಕ ಎಂದು ಎದ್ದುನಿಲ್ಲುತ್ತದೆ, ನಿಲ್ಲುತ್ತದೋ ಇಲ್ಲವೋ ಎಂಬುದು ಇಂದಿನ ವಿಷಯವಲ್ಲ. ಅದಲ್ಲದಿದ್ದರೆ ಇನ್ನೊಂದು ಬಂದೀತು. ಹುಲ್ಲಿಗೆ ಕರಾರು ಹಿಡಿದುಕೊಂಡು ನಮ್ಮ ಕಣಕ್ಕೆ ಬರುವವರು ಬಂದೇ ಬರುತ್ತಾರೆ. ಆ ಕಾಗದದಲ್ಲಿ ‘ರಿಫೈನರಿ’ ಎಂಬ ಪದಕ್ಕೆ ಯಾವ ಅರ್ಥ ಬರೆದಿರುತ್ತಾರೆ ಎಂಬುದರ ಮೇಲೆ ನಮ್ಮ ಲಾಭನಷ್ಟ ನಿಂತಿರುತ್ತದೆ.

ಮೊದಲು ಹಳೆಯ ರಿಫೈನರಿಯನ್ನೇ ನೋಡೋಣ. ಎಂಆರ್‌ಪಿಎಲ್ 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹಗಳ ಜಂಟಿ ಸಂಸ್ಥೆಯಾಗಿ ಹುಟ್ಟಿತು. 1996ರಲ್ಲಿ ಕೆಲಸ ಆರಂಭಿಸಿತು. 2003ರಲ್ಲಿ ಓಎನ್‌ಜಿಸಿಯ ಅಧೀನಕ್ಕೆ ಬಂದಿತು. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲವನ್ನು ಸಂಸ್ಕರಿಸುವ ಸಾಮರ್ಥ್ಯ ಅದರದು. ಇಷ್ಟು ದೊಡ್ಡ ವಸ್ತುವಿಗೆ ಒಂದೇ ಅರ್ಥವಿರಬೇಕೆಂದು ನಾವು ಭಾವಿಸುತ್ತೇವೆ. ಆದರೆ ಪ್ರತಿಯೊಂದು ಕಾಗದದಲ್ಲಿಯೂ ಅದು ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ತೈಲ ಮಾರುವವನ ಕರಾರಿನಲ್ಲಿ ರಿಫೈನರಿ ಎಂದರೆ ಹಡಗು ಬಂದು ನಿಲ್ಲುವ ಒಂದು ಬಂದರು, ಇಳಿಸಿಕೊಳ್ಳಲು ಇಷ್ಟು ಗಂಟೆಗಳ ಗಡುವು. ಬ್ಯಾಂಕಿನ ಕಾಗದದಲ್ಲಿ ಅದು ಅಡವಿಟ್ಟ ಆಸ್ತಿ. ಪೆಟ್ರೋಲ್ ಕೊಳ್ಳುವವನ ಕಾಗದದಲ್ಲಿ ಅದು ಒಂದು ಕೊಳವೆಯ ತುದಿಯಲ್ಲಿರುವ ಮೀಟರು. ಆ ಮೀಟರು ದಾಟಿದ ಕೂಡಲೇ ಸರಕೂ ಅದರ ಅಪಾಯವೂ ಕೊಂಡವನವು.

ನಮ್ಮ ಗಿರಣಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಭತ್ತವನ್ನು ಗಿರಣಿಯವನಿಗೆ ಮಾರುವುದು ಒಂದು ವ್ಯವಹಾರ. ಕೂಲಿ ಕೊಟ್ಟು ನಮ್ಮ ಭತ್ತವನ್ನು ಅಕ್ಕಿ ಮಾಡಿಸಿಕೊಂಡು ಬರುವುದು ಇನ್ನೊಂದು. ಮೊದಲನೆಯದರಲ್ಲಿ ತವುಡು, ನುಚ್ಚು, ಉಮಿ ಎಲ್ಲವೂ ಗಿರಣಿಯವನವು. ಎರಡನೆಯದರಲ್ಲಿ ತವುಡು ಯಾರದು ಎಂಬ ಜಗಳಕ್ಕೆ ಆಸ್ಪದವಿದೆ. ಊರಿನ ರೂಢಿಯೇ ಅಲ್ಲಿ ಕಾನೂನು. ತೈಲಲೋಕದಲ್ಲಿಯೂ ಈ ಎರಡೂ ಬಗೆಗಳಿವೆ. ಕೂಲಿಗೆ ಸಂಸ್ಕರಿಸಿಕೊಡುವ ಕರಾರಿನಲ್ಲಿ ತೈಲದ ಒಡೆತನ ರಿಫೈನರಿಗೆ ಬರುವುದೇ ಇಲ್ಲ. ಕುಲುಮೆಗೆ ಉರುವಲಾಗಿ ಸುಟ್ಟದ್ದೆಷ್ಟು, ಆವಿಯಾಗಿ ಹೋದದ್ದೆಷ್ಟು, ತಳದಲ್ಲಿ ಉಳಿದ ಗಸಿ ಯಾರದು ಎಂಬುದನ್ನೆಲ್ಲ ಶೇಕಡಾವಾರು ಬರೆದಿಡುತ್ತಾರೆ. ಅವರು ತವುಡಿನ ವಿಷಯವನ್ನು ರೂಢಿಗೆ ಬಿಡುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಹುಲ್ಲಿನ ಬೂದಿಯ ಪ್ರಸ್ತಾಪ ಬಂದಾಗ ಬೇಕಾಗುತ್ತದೆ.

ಭೂಮಿ ಕಳೆದುಕೊಂಡವನ ಪಾಲಿಗೆ ಈ ರಿಫೈನರಿ ಏನು? ಉತ್ತರ ವಿಚಿತ್ರವಾಗಿದೆ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಡಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದು ಸರ್ಕಾರ. ಅದು ಮಂಡಳಿಗೆ ಹೋಗುತ್ತದೆ. ಮಂಡಳಿ ಕಂಪನಿಗೆ ಹಂಚಿಕೆ ಮಾಡುತ್ತದೆ. ರೈತನಿಗೂ ಕಂಪನಿಗೂ ನಡುವೆ ಯಾವ ಕರಾರೂ ಇಲ್ಲ. ಎಂಆರ್‌ಪಿಎಲ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ 2022ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು: ಹೀಗೆ ಹಂಚಿಕೆ ಪಡೆದ ಕಂಪನಿಯು ಪರಿಹಾರ ನಿಗದಿಯ ಪ್ರಶ್ನೆಯಲ್ಲಿ ಸ್ವಾಧೀನದ ಫಲಾನುಭವಿಯೂ ಅಲ್ಲ, ಹಿತಾಸಕ್ತಿಯುಳ್ಳ ವ್ಯಕ್ತಿಯೂ ಅಲ್ಲ. ರೈತನಿಗೆ ಇದರಿಂದ ಉಪಕಾರವಾಯಿತು. ಹೆಚ್ಚಿಸಿದ ಪರಿಹಾರವನ್ನು ಪ್ರಶ್ನಿಸಿ ಕಂಪನಿ ಅವನನ್ನು ಮತ್ತೆ ಕೋರ್ಟಿಗೆ ಎಳೆಯುವಂತಿಲ್ಲ. ಆದರೆ ನಾಣ್ಯದ ಮತ್ತೊಂದು ಮುಖವನ್ನೂ ನಾನು ನೋಡುತ್ತೇನೆ. ತನ್ನ ಗದ್ದೆಯ ಮೇಲೆ ಚಿಮಣಿ ನಿಂತಿರುವುದನ್ನು ರೈತ ಕಣ್ಣಾರೆ ಕಾಣುತ್ತಾನೆ. ಕಾಗದದಲ್ಲಿ ಮಾತ್ರ ಆ ಚಿಮಣಿಗೂ ಅವನಿಗೂ ಸಂಬಂಧವೇ ಇಲ್ಲ.

ಬೇಲಿಯ ಹೊರಗೂ ಇದೇ ಕಥೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಘಟ್ಟ ಹತ್ತಿ ಬರುವ ಕೊಳವೆ ರಿಫೈನರಿಯ ಸರಕನ್ನೇ ಒಯ್ಯುತ್ತದೆ. ಆದರೆ ಇಂಥ ಕೊಳವೆಗಳಿಗೆ ಬೇರೆಯೇ ಕಾನೂನಿದೆ, 1962ರದು. ಅದರಡಿ ನಿಮ್ಮ ಭೂಮಿ ನಿಮ್ಮದಾಗಿಯೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಹಾನಿಯ ಹೊರತಾಗಿ ಸಿಗುವುದು ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡಾ 10. ಅಡಿಕೆ ತೋಟದವನಿಗೆ ಮರ ನೆಡದ ಭೂಮಿ ಎಂದರೆ ಏನೆಂದು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ಹರಿಹರದ ಕಡೆಗೆ ಬರೋಣ. ಪತ್ರಿಕೆಗಳು ಇಂಥ ಘಟಕವನ್ನು ಜೈವಿಕ ರಿಫೈನರಿ ಎಂದು ಕರೆಯುತ್ತವೆ. ಪರಿಸರ ಅನುಮೋದನೆಯ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಪೆಟ್ರೋಲಿಯಂ ಸಂಸ್ಕರಣೆಯದು 4(ಎ) ಎಂಬ ಬಾಬು. ಅಲ್ಲಿ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲದೆ ಎಲ್ಲವನ್ನೂ ಮೇಲಿನ ‘ಎ’ ವರ್ಗಕ್ಕೆ ಹಾಕಲಾಯಿತು. ಡಿಸ್ಟಿಲರಿಯದು 5(ಜಿ) ಎಂಬ ಬೇರೆ ಬಾಬು. ಅದರ ವರ್ಗ ಗಾತ್ರವನ್ನೂ ಕಚ್ಚಾಪದಾರ್ಥವನ್ನೂ ಅವಲಂಬಿಸುತ್ತದೆ. 2021ರ ಜೂನ್‌ನಲ್ಲಿ ಬಂದ ತಿದ್ದುಪಡಿಯು, ತ್ಯಾಜ್ಯನೀರನ್ನು ಹೊರಬಿಡದೆ ಪೆಟ್ರೋಲ್ ಮಿಶ್ರಣಕ್ಕೆಂದೇ ಎಥನಾಲ್ ಮಾಡುವ ಧಾನ್ಯದ ಡಿಸ್ಟಿಲರಿಗಳನ್ನು ‘ಬಿ-2’ ವರ್ಗದಲ್ಲಿ ಪರಿಗಣಿಸಲು ಎಡೆಮಾಡಿತು. ಬಿ-2 ಎಂದರೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ನಮ್ಮ ಜಿಲ್ಲೆಯಂಥ ಮೆಕ್ಕೆಜೋಳದ ಸೀಮೆಗೆ ಇದು ಸಣ್ಣ ಮಾತಲ್ಲ. ಊರವರು ಪೆಂಡಾಲಿನಲ್ಲಿ ಕುಳಿತು ಪ್ರಶ್ನೆ ಕೇಳುವ ಅವಕಾಶವು ಒಂದು ವ್ಯಾಖ್ಯೆಯಿಂದ ಇನ್ನೊಂದಕ್ಕೆ ಜಾರಿದಾಗ ಸದ್ದಿಲ್ಲದೆ ಮಾಯವಾಗುತ್ತದೆ. ಅಂದಹಾಗೆ, ಕೈಗಾರಿಕಾ ಮದ್ಯಸಾರವು ‘ಮಾದಕ ಪಾನೀಯ’ವೇ ಅಲ್ಲವೇ ಎಂಬ ಒಂದು ಪದದ ಅರ್ಥಕ್ಕಾಗಿ ಕೇಂದ್ರವೂ ರಾಜ್ಯಗಳೂ ದಶಕಗಳ ಕಾಲ ಹೋರಾಡಿದವು, 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ರಾಜ್ಯಗಳ ಪರವಾಗಿ ತೀರ್ಪಿತ್ತಿತು. ಸರ್ಕಾರಗಳೇ ಒಂದು ಪದಕ್ಕಾಗಿ ಇಷ್ಟು ಬಡಿದಾಡುವಾಗ ನಾವು ಓದದೆ ಹೆಬ್ಬೆಟ್ಟು ಒತ್ತುವುದು ಸರಿಯೇ?

ಹುಲ್ಲಿನಿಂದ ಎಥನಾಲ್ ಮಾಡುವ ಇಂಥ ಘಟಕ ಎಷ್ಟು ಉಣ್ಣುತ್ತದೆ ಎಂಬ ಲೆಕ್ಕ ಹಾಕೋಣ. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್‌ನ ಘಟಕ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥನಾಲ್ ಎಂಬುದು ಅದರ ಘೋಷಿತ ಲೆಕ್ಕ. ದಿನಕ್ಕೆ 100 ಕಿಲೋಲೀಟರ್. ಅದೇ ಪ್ರಮಾಣ ಹಿಡಿದರೆ 60 ಕಿಲೋಲೀಟರಿನ ಘಟಕಕ್ಕೆ ವರ್ಷಕ್ಕೆ ಸುಮಾರು 1.2 ಲಕ್ಷ ಟನ್ ಬೇಕು. ಅಷ್ಟೂ ಭತ್ತದ ಹುಲ್ಲೇ ಎಂದುಕೊಂಡು, ಎಕರೆಗೆ ಎರಡು ಟನ್ ಎಂದು ಎಣಿಸಿದರೆ ಅರವತ್ತು ಸಾವಿರ ಎಕರೆಯ ಹುಲ್ಲು. ಪಾಣಿಪತ್ತಿನ ಸುತ್ತ ಹುಲ್ಲನ್ನು ಗದ್ದೆಯಲ್ಲೇ ಸುಡುತ್ತಿದ್ದರು. ಅಲ್ಲಿ ಘಟಕ ಬಂದದ್ದು ಒಳ್ಳೆಯದೇ ಆಯಿತೆಂದು ನಾನು ಒಪ್ಪುತ್ತೇನೆ. ಆದರೆ ಭದ್ರಾ ಅಚ್ಚುಕಟ್ಟಿನ ಹುಲ್ಲು ಎಲ್ಲಿಗೆ ಹೋಗುತ್ತದೆ? ಸುಗ್ಗಿ ಮುಗಿದ ಮೇಲೆ ಶಿವಮೊಗ್ಗ ದಾಟಿ ಮಲೆನಾಡಿನತ್ತ ಹೋಗುವ ರಸ್ತೆಯಲ್ಲಿ ನಿಂತು ನೋಡಿ. ಬಣವೆಯೇ ನಡೆದು ಹೋಗುತ್ತಿದೆಯೋ ಎನ್ನುವಂತೆ ಹುಲ್ಲು ತುಂಬಿದ ಲಾರಿಗಳು ಸಾಗುತ್ತವೆ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಿಲ್ಲೆ ಬೇರೆಯಾದರೂ ಹುಲ್ಲಿನ ನಂಟು ಬೇರೆಯಾಗಲಿಲ್ಲ. ಬಯಲಿನ ಹುಲ್ಲು ಮಲೆನಾಡಿನ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆಯ ಬುಡಕ್ಕೆ. ಒಂದು ಎಕರೆಯ ಹುಲ್ಲು ಹೆಚ್ಚುಕಡಿಮೆ ಒಂದು ಹಸುವಿನ ವರ್ಷದ ಮೇವು.

ಇನ್ನು ಕರಾರಿನ ಕಾಗದಕ್ಕೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ಒಬ್ಬ ರೈತರು ಮಿಡಿಸೌತೆಯ ಕರಾರೊಂದನ್ನು ನನಗೆ ತೋರಿಸಿದ್ದರು. ಆರು ಪುಟ, ಇಂಗ್ಲಿಷಿನಲ್ಲಿ. ಮೊದಲ ಎರಡು ಪುಟ ಬರೀ ವ್ಯಾಖ್ಯೆಗಳು. ಅವರು ಬೆಲೆ ಬರೆದಿದ್ದ ನಾಲ್ಕನೆಯ ಪುಟವನ್ನು ಮಾತ್ರ ಮಗನಿಂದ ಓದಿಸಿಕೊಂಡಿದ್ದರು. ಆದರೆ ಕಾಯಿಯನ್ನು ‘ಸ್ವೀಕರಿಸುವುದು’ ಎಂದರೆ ಕಾರ್ಖಾನೆಯಲ್ಲಿ ವಿಂಗಡಿಸಿದ ಮೇಲೆ ಎಂದು ಎರಡನೆಯ ಪುಟದಲ್ಲಿತ್ತು. ಹೊಲದಂಚಿನಲ್ಲಿ ತೂಗಿದ್ದು ಒಂದು, ಹಣ ಬಂದದ್ದು ಇನ್ನೊಂದು. ಬೆಲೆಯಲ್ಲಿ ಯಾರೂ ಮೋಸ ಮಾಡಿರಲಿಲ್ಲ.

ಹುಲ್ಲಿನ ಕರಾರಿನಲ್ಲಿಯೂ ನೋಡಬೇಕಾದ ಮೊದಲ ಪದ ರಿಫೈನರಿ. ‘ಸರಕನ್ನು ರಿಫೈನರಿಗೆ ತಲುಪಿಸತಕ್ಕದ್ದು’ ಎಂದಿದ್ದರೆ, ರಿಫೈನರಿ ಎಂದರೆ ಯಾವುದು? ಹನಗವಾಡಿಯ ಗೇಟೇ? ಅಥವಾ ಕಂಪನಿಯು ಹೋಬಳಿಗಳಲ್ಲಿ ತೆರೆಯುವ ಸಂಗ್ರಹ ಕೇಂದ್ರಗಳೂ ಸೇರಿಯೇ? ಗೇಟು ಮಾತ್ರ ಎಂದಾದರೆ ಜಗಳೂರಿನ ರೈತನ ದಂಟು ದಾವಣಗೆರೆ ದಾಟಿ ಹರಿಹರ ಸೇರುವವರೆಗೆ ಬಾಡಿಗೆ ಅವನದು, ಮಳೆಯಲ್ಲಿ ನೆಂದರೆ ನಷ್ಟ ಅವನದು, ದಾರಿಯಲ್ಲಿ ಬೆಂಕಿ ತಗುಲಿದರೂ ಅವನದೇ. ಗೇಟಿನಲ್ಲಿ ಲಾರಿ ಎರಡು ದಿನ ನಿಂತರೆ ಆ ಬಾಡಿಗೆಯೂ ಅವನದು. ಹಡಗನ್ನು ಗಡುವು ಮೀರಿ ಕಾಯಿಸಿದರೆ ದಂಡ ತೆರುವ ಏರ್ಪಾಟು ತೈಲದ ಕರಾರಿನಲ್ಲಿರುತ್ತದೆ. ಲಾರಿ ಕಾದರೆ ಏಕಿಲ್ಲ? ಸಂಗ್ರಹ ಕೇಂದ್ರವೂ ರಿಫೈನರಿಯ ಭಾಗವೆಂದು ಒಂದು ಸಾಲು ಬರೆಯಿಸಿದರೆ ಈ ಭಾರವೆಲ್ಲ ಆಚೆಗೆ ಸರಿಯುತ್ತದೆ. ‘ಕಂಪನಿ ಮತ್ತು ಅದರ ಉತ್ತರಾಧಿಕಾರಿಗಳು’ ಎಂಬ ಮಾತೂ ಇರುತ್ತದೆ. ಮಂಗಳೂರಿನ ರಿಫೈನರಿಯ ಒಡೆತನವೇ 2003ರಲ್ಲಿ ಕೈ ಬದಲಾಯಿಸಿದ್ದನ್ನು ಕಂಡಿದ್ದೇವೆ. ಇಂದು ನಿಮ್ಮ ಜಗಲಿಯಲ್ಲಿ ಕಾಫಿ ಕುಡಿದು ಮಾತು ಕೊಟ್ಟವರು ನಾಳೆ ಇರುವುದಿಲ್ಲ; ಮಾತು ಕಾಗದದಲ್ಲಿದ್ದರೆ ಮಾತ್ರ ಉಳಿಯುತ್ತದೆ.

ಎರಡನೆಯದು ಟನ್. ಹಸಿ ಟನ್ನೋ, ಒಣ ಟನ್ನೋ? ಶೇಕಡಾ 25 ತೇವವಿರುವ ಹತ್ತು ಟನ್ ಹುಲ್ಲಿನಲ್ಲಿ ಒಣಪದಾರ್ಥ ಏಳೂವರೆ ಟನ್. ಕರಾರು ಶೇಕಡಾ 15 ತೇವವನ್ನು ಆಧಾರವಾಗಿ ಹಿಡಿದರೆ ಅದೇ ಲಾರಿ 8.8 ಟನ್ ಎಂದು ಲೆಕ್ಕಕ್ಕೆ ಬರುತ್ತದೆ. ಇದು ಅನ್ಯಾಯವಲ್ಲ, ನೀರಿಗೆ ಹಣ ಕೊಡಬೇಕಾಗಿಲ್ಲ. ಆದರೆ ತೇವ ಅಳೆಯುವವರು ಯಾರು, ಯಾವ ವೇಬ್ರಿಜ್‌ನಲ್ಲಿ ತೂಗುವುದು, ಮಣ್ಣು ಕಲೆತಿದೆಯೆಂದು ಕಡಿತ ಮಾಡಿದರೆ ತಕರಾರನ್ನು ಕೇಳುವವರು ಯಾರು, ಆ ವಿಚಾರಣೆ ಹೊನ್ನಾಳಿಯಲ್ಲೋ ಬೆಂಗಳೂರಿನಲ್ಲೋ?

ಮೂರನೆಯ ಪದ ‘ಕೃಷಿ ತ್ಯಾಜ್ಯ’. ನನಗೆ ಸಿಟ್ಟು ಬರುವುದು ಇದರ ಮೇಲೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಮುಂದುವರಿದ ಇಂಧನಗಳ ಕಚ್ಚಾಪದಾರ್ಥವೆಂದು ಭತ್ತದ ಹುಲ್ಲು, ಜೋಳದ ದಂಟುಗಳ ಜೊತೆಗೆ ಅರಣ್ಯದ ಉಳಿಕೆಗಳೂ ಸೇರಿವೆ. ಮಲೆನಾಡಿನವರು ಕಿವಿಗೊಡಬೇಕು. ಸೊಪ್ಪಿನಬೆಟ್ಟದ ದರಗನ್ನು ನಾವು ಗೊಬ್ಬರ ಎನ್ನುತ್ತೇವೆ. ಕಾಗದ ಅದನ್ನು ಉಳಿಕೆ ಎನ್ನಬಲ್ಲುದು. ಹುಲ್ಲಿನ ಸಂಗತಿಯೂ ಅಷ್ಟೇ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೋ ಸಾರಜನಕ, 14ರಿಂದ 20 ಕಿಲೋ ಪೊಟ್ಯಾಷ್ ಇರುತ್ತದೆ, ಜೊತೆಗೆ ಸಿಲಿಕಾನ್. ಎಕರೆಯ ಹುಲ್ಲು ಪೂರ್ತಿ ಹೊರಹೋದರೆ ಐವತ್ತು ಕಿಲೋ ಚೀಲದ ಪೊಟ್ಯಾಷ್ ಗೊಬ್ಬರ ಒಂದು, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಗದ್ದೆಯಿಂದ ಎದ್ದುಹೋದಂತೆ. ಎಥನಾಲಿಗೆ ಬೇಕಾದುದು ಹುಲ್ಲಿನ ಸಕ್ಕರೆಯಂಶ ಮಾತ್ರ. ಪೊಟ್ಯಾಷ್ ಅದಕ್ಕೆ ಬೇಡ. ಅದು ಬಾಯ್ಲರಿನ ಬೂದಿಯಲ್ಲೋ ಉಳಿದ ಗಸಿಯಲ್ಲೋ ಕೂತಿರುತ್ತದೆ. ಗಿರಣಿಯ ತವುಡಿನ ಮಾತು ನೆನಪಿದೆಯಲ್ಲ? ಹುಲ್ಲು ಕೊಟ್ಟವನಿಗೆ ಅದರ ಪಾಲಿನ ಬೂದಿ ಹಿಂದಿರುಗಬೇಕೆಂದು ಬರೆಯಿಸಲು ಕಂಪನಿಗೆ ಹೆಚ್ಚು ಖರ್ಚಿಲ್ಲ, ನಮಗೆ ಪ್ರಯೋಜನ ಬಹಳ. ತ್ಯಾಜ್ಯ ಎಂಬ ಪದಕ್ಕೆ ‘ರೈತನ ಜಾನುವಾರಿಗೆ, ಗೊಬ್ಬರಕ್ಕೆ, ಹೊದಿಕೆಗೆ ಬಳಸಿ ಉಳಿದದ್ದು’ ಎಂಬ ಅರ್ಥವನ್ನೇ ಬರೆಯಿಸಬೇಕು. ಇಂಥ ಸರ್ವೆ ನಂಬರಿನ ಎಲ್ಲ ಉಳಿಕೆಯೂ ಕಂಪನಿಗೆ ಮೀಸಲು ಎಂಬ ಸಾಲಿದ್ದರೆ ಸಹಿ ಮಾಡಬೇಡಿ.

ಕೈಮೀರಿದ ಸಂದರ್ಭಗಳ ಕಲಂ ಒಂದು ಉಳಿಯಿತು. 2019ರ ಮೇ ತಿಂಗಳನ್ನು ನೆನೆಯಿರಿ. ಅಮೆರಿಕದ ದಿಗ್ಬಂಧನದಿಂದಾಗಿ ಭಾರತದ ರಿಫೈನರಿಗಳು ಇರಾನಿನ ತೈಲ ತರುವುದನ್ನು ನಿಲ್ಲಿಸಿದವು. ಮಂಗಳೂರಿನದು ಆ ತೈಲದ ದೊಡ್ಡ ಗಿರಾಕಿಯಾಗಿತ್ತು. ಅದೇ ತಿಂಗಳು ನೇತ್ರಾವತಿ ಸೊರಗಿ, ನೀರಿಲ್ಲದೆ ಎಂಆರ್‌ಪಿಎಲ್ ತನ್ನ ಘಟಕಗಳ ಒಂದು ಭಾಗವನ್ನು ನಿಲ್ಲಿಸಬೇಕಾಯಿತು. ಮಳೆಗಾಲದಲ್ಲಿ ಉಕ್ಕಿ ಹರಿಯುವ ನದಿಯ ಬುಡದಲ್ಲಿ! ಇಂಥ ಆಪತ್ತುಗಳಿಗಾಗಿಯೇ ದೊಡ್ಡವರ ಕರಾರುಗಳಲ್ಲಿ ಯುದ್ಧ, ದಿಗ್ಬಂಧನ, ನೆರೆ, ಬರ ಎಂದು ಉದ್ದನೆಯ ಪಟ್ಟಿ ಇರುತ್ತದೆ. ಆಗ ಸರಕು ಕೊಡದಿದ್ದರೂ ಕೊಳ್ಳದಿದ್ದರೂ ದಂಡವಿಲ್ಲ. ನಮ್ಮ ಹುಲ್ಲಿನ ಕರಾರಿನಲ್ಲಿ ಆ ಪಟ್ಟಿ ಇಬ್ಬರಿಗೂ ಅನ್ವಯಿಸುತ್ತದೆಯೇ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂಥ ವರ್ಷ ಮೇವು ಮನೆಯ ದನಕ್ಕೇ ಸಾಲದು. ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ವರ್ಷ ರೈತನ ಹೊಣೆ ತಾನಾಗಿಯೇ ನಿಲ್ಲತಕ್ಕದ್ದು ಎಂಬ ಒಂದು ವಾಕ್ಯ ಸಾಕು.

ಸಭೆಯಲ್ಲಿ ಜಗಳೂರು ಕಡೆಯ ಹಿರಿಯರೊಬ್ಬರು ಎದ್ದು, “ಸ್ವಾಮೀ, ಇಷ್ಟೆಲ್ಲ ಹೇಳಿದಿರಿ. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ 2,400 ಅಂದರು, ಮಾರುಕಟ್ಟೆಯಲ್ಲಿ ಅಷ್ಟು ಕೇಳುವವರಿಲ್ಲ. ದಂಟು, ದಿಂಡಿಗಾದರೂ ನಾಲ್ಕು ಕಾಸು ಬಂದರೆ ಬೇಡ ಅನ್ನಬೇಕೇ?” ಎಂದು ಕೇಳಿದರು. ಬೇಡವೆನ್ನಲು ನಾನು ಯಾರು? ದಿಂಡನ್ನು ಮಾರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದರಲ್ಲಿ ಪೋಷಕಾಂಶ ಕಡಿಮೆ. ಕಾಳು ಬಿಡಿಸುವ ಯಂತ್ರದ ಪಕ್ಕದಲ್ಲೇ ರಾಶಿ ಬೀಳುವುದರಿಂದ ಹೊಲದಿಂದ ಆಯುವ ಕೂಲಿಯೂ ಇಲ್ಲ. ಒಲೆಗೆ ಬೇಕಾದಷ್ಟು ಇಟ್ಟುಕೊಂಡರಾಯಿತು. ದಂಟಿನ ಮಾತು ಬೇರೆ. ಜಗಳೂರಿನ ಕೆಂಪುಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಅರ್ಧವನ್ನಾದರೂ ಹೊಲಕ್ಕೂ ದನಕ್ಕೂ ಬಿಡಿ. ಮಾರಿದ ದಿನ ತೂಕದ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ತೇವಾಂಶವನ್ನೂ, ಸರಕನ್ನು ಎಲ್ಲಿ ಒಪ್ಪಿಸಿಕೊಂಡರೆಂಬುದನ್ನೂ ಕನ್ನಡದಲ್ಲಿ ಬರೆಯಿಸಿಕೊಳ್ಳಿ.